ಅಸೈನ್‌ಮೆಂಟ್ ನೋಡಿ ಕೋರ್ಸ್ ಆರಿಸಿ: ಸ್ನಾತಕೋತ್ತರ ಮಟ್ಟದ ಎಐ ಮೊದಲ ಪಾಠಕ್ಕೆ ಇರುವ ದಾರಿಗಳು

ಕೆಲಸದಲ್ಲಿದ್ದುಕೊಂಡೇ ಕೃತಕ ಬುದ್ಧಿಮತ್ತೆಯನ್ನು (ಎಐ) ಸ್ನಾತಕೋತ್ತರ ಮಟ್ಟದಲ್ಲಿ ಕಲಿಯಬೇಕೆಂದು ಹೊರಟವರು ಮೊದಲು ಮಾಡುವ ಕೆಲಸ ಯೂಟ್ಯೂಬಿನಲ್ಲಿ ನಾಲ್ಕು ಪ್ರಾಧ್ಯಾಪಕರ ಮೊದಲ ಉಪನ್ಯಾಸ ನೋಡುವುದು. ಯಾರ ಮಾತು ಹಿಡಿಸಿತೋ ಅವರ ಕೋರ್ಸಿಗೆ ಮನಸ್ಸು ವಾಲುತ್ತದೆ. ಸೆಮಿಸ್ಟರಿನ ಮೂರನೆಯ ವಾರಕ್ಕೆ ಬರುವಷ್ಟರಲ್ಲಿ ಉಪನ್ಯಾಸಗಳನ್ನು ನೋಡಲು ಪುರುಸೊತ್ತೇ ಇರುವುದಿಲ್ಲ. ಶನಿವಾರ, ಭಾನುವಾರ ಎರಡೂ ಅಸೈನ್‌ಮೆಂಟಿನ ಪಾಲು. ಆದ್ದರಿಂದ ಇಲ್ಲಿ ಕೋರ್ಸ್‌ಗಳನ್ನು ನಾನು ಅಳೆಯುವುದು ಒಂದೇ ಅಳತೆಗೋಲಿನಿಂದ: ಅದು ನಿಮ್ಮ ಕೈಯಿಂದ ಏನು ಮಾಡಿಸುತ್ತದೆ?

ಅದಕ್ಕೂ ಮೊದಲು ಒಂದು ಎಚ್ಚರಿಕೆ. ವಿಶ್ವವಿದ್ಯಾಲಯಗಳಲ್ಲಿ ‘ಕೃತಕ ಬುದ್ಧಿಮತ್ತೆ’ ಎಂಬ ಹೆಸರಿನ ಮೊದಲ ಕೋರ್ಸಿಗೂ ಈಗ ಎಲ್ಲರ ಬಾಯಲ್ಲಿರುವ ಚಾಟ್‌ಜಿಪಿಟಿಗೂ ಇರುವ ನಂಟು ದೂರದ್ದು. ಈ ಕೋರ್ಸಿನಲ್ಲಿ ಬರುವುದು ಹುಡುಕಾಟದ ಆಲ್ಗಾರಿದಮ್‌ಗಳು, ಆಟ ಆಡುವ ಪ್ರೋಗ್ರಾಂಗಳು, ತರ್ಕ, ಸಂಭವನೀಯತೆ, ಬೇಯೀಸ್ ಜಾಲಗಳು (ಯಾವುದರಿಂದ ಯಾವುದು ಎಷ್ಟು ಸಂಭವ ಎಂದು ಲೆಕ್ಕ ಹಾಕುವ ಜಾಲಗಳು), ಒಂದಿಷ್ಟು ಮಷೀನ್ ಲರ್ನಿಂಗ್ (ದತ್ತಾಂಶ ನೋಡಿ ಯಂತ್ರವೇ ಕಲಿಯುವುದು). ಚಾಟ್‌ಜಿಪಿಟಿಯ ಹಿಂದಿರುವಂಥ ಭಾಷಾ ಮಾದರಿಗಳನ್ನು ಕಟ್ಟುವುದೇ ಗುರಿಯಾಗಿದ್ದರೆ ಡೀಪ್ ಲರ್ನಿಂಗ್ ಅಥವಾ ಭಾಷಾ ಸಂಸ್ಕರಣೆಯ ಕೋರ್ಸಿಗೆ ನೇರವಾಗಿ ಹೋಗಿ. ಇದನ್ನು ತಿಳಿಯದೆ ಸೇರಿ, ‘ಇದೇನು ಇನ್ನೂ ಚದುರಂಗ, ನಕ್ಷೆ ಎನ್ನುತ್ತಿದ್ದಾರೆ’ ಎಂದು ಗೊಣಗುವವರು ಪ್ರತಿ ತಂಡದಲ್ಲೂ ಇರುತ್ತಾರೆ.

ಜಾರ್ಜಿಯಾ ಟೆಕ್‌ನ ಸಿಎಸ್ 6601

ಕೆಲಸ ಬಿಡದೆ ಪದವಿಯನ್ನೂ ಪಡೆಯಬೇಕೆನ್ನುವ ಬೆಂಗಳೂರಿನ ಎಂಜಿನಿಯರುಗಳ ಮಾತಿನಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ಅಟ್ಲಾಂಟಾದ ಜಾರ್ಜಿಯಾ ಟೆಕ್‌ನ ಆನ್‌ಲೈನ್ ಎಂಎಸ್. ಆನ್‌ಲೈನ್ ಕೋರ್ಸ್‌ಗಳ ಕಂಪನಿ ಯುಡಾಸಿಟಿ ಮತ್ತು ದೂರಸಂಪರ್ಕ ಕಂಪನಿ ಎಟಿ ಅಂಡ್ ಟಿ ಜೊತೆಗೂಡಿ 2014ರ ಜನವರಿಯಲ್ಲಿ ಶುರುವಾದ ಈ ಪದವಿಗೆ ಹತ್ತು ಕೋರ್ಸ್‌ಗಳು, ಮೂವತ್ತು ಕ್ರೆಡಿಟ್. ಇಡೀ ಪದವಿಯ ಖರ್ಚು 7,000 ಡಾಲರಿನ ಆಸುಪಾಸು ಎಂಬುದೇ ಅದರ ಖ್ಯಾತಿಗೆ ಕಾರಣವಾಯಿತು. ನಮ್ಮ ಲೆಕ್ಕದಲ್ಲಿ ಸುಮಾರು ಆರು ಲಕ್ಷ ರೂಪಾಯಿ. ಅದೂ ಒಂದೇ ಸಲಕ್ಕಲ್ಲ, ಸೆಮಿಸ್ಟರಿಗೊಂದರಂತೆ ಕೋರ್ಸ್ ತೆಗೆದುಕೊಂಡಾಗ ಆಗಾಗ ಕಟ್ಟುವ ಹಣ. ಅಮೆರಿಕಕ್ಕೆ ಹೋಗಿ ಓದುವ ಖರ್ಚಿಗೆ ಹೋಲಿಸಿದರೆ ಇದು ಏನೂ ಅಲ್ಲ.

ಆ ಪದವಿಯೊಳಗೆ ಎಐಗೆ ಮೊದಲ ಹೆಜ್ಜೆಯಾಗಬಲ್ಲ ಕೋರ್ಸ್‌ಗಳು ಒಂದಕ್ಕಿಂತ ಹೆಚ್ಚು ಇವೆ. ಗೊಂದಲ ಹುಟ್ಟುವುದೂ ಅಲ್ಲಿಯೇ. ಹೆಸರೇ ‘ಕೃತಕ ಬುದ್ಧಿಮತ್ತೆ’ ಎಂದಿರುವುದು ಸಿಎಸ್ 6601. ಇದನ್ನು ಕಟ್ಟಿದವರು ಥ್ಯಾಡ್ ಸ್ಟಾರ್ನರ್. ಮೈಮೇಲೆ ತೊಡುವ ಕಂಪ್ಯೂಟರುಗಳ ಸಂಶೋಧನೆಯಲ್ಲಿ ಹೆಸರು ಮಾಡಿದವರು, ಗೂಗಲ್ ಗ್ಲಾಸ್ ತಂಡದಲ್ಲಿ ತಾಂತ್ರಿಕ ಮುಂದಾಳಾಗಿದ್ದವರು. ಪಠ್ಯ ರಸೆಲ್ ಮತ್ತು ನಾರ್ವಿಗ್ ಅವರ ದಪ್ಪ ಪುಸ್ತಕ; ಮೊದಲ ಮುದ್ರಣ 1995ರಲ್ಲಿ, ನಾಲ್ಕನೆಯದು 2020ರಲ್ಲಿ ಬಂತು. ಉಪನ್ಯಾಸಗಳ ಒಂದು ಭಾಗ ಪೀಟರ್ ನಾರ್ವಿಗ್ ಮತ್ತು ಸೆಬಾಸ್ಟಿಯನ್ ಥ್ರನ್ ಅವರವೇ. ಈ ಇಬ್ಬರೇ 2011ರಲ್ಲಿ ಸ್ಟ್ಯಾನ್‌ಫರ್ಡಿನಿಂದ ನಡೆಸಿದ ಉಚಿತ ಎಐ ತರಗತಿಗೆ ಸುಮಾರು 1,60,000 ಜನ ಹೆಸರು ನೋಂದಾಯಿಸಿದ್ದರು.

ಕೋರ್ಸಿನ ಜೀವಾಳ ಆರು ಪೈಥಾನ್ ಅಸೈನ್‌ಮೆಂಟುಗಳು. ಮೊದಲನೆಯದರಲ್ಲಿ ಐಸೊಲೇಷನ್ ಎಂಬ ಮಣೆಯಾಟ ಆಡುವ ಪ್ರೋಗ್ರಾಂ ಬರೆಯಬೇಕು: ಎದುರಾಳಿಯ ಒಳ್ಳೆಯ ನಡೆಗಳನ್ನೂ ಮುಂದಾಗಿ ಎಣಿಸುವ ಮಿನಿಮ್ಯಾಕ್ಸ್, ಅದರಲ್ಲಿ ನೋಡಬೇಕಿಲ್ಲದ ಕವಲುಗಳನ್ನು ಕತ್ತರಿಸುವ ಆಲ್ಫಾ–ಬೀಟಾ. ಎರಡನೆಯದು ನಕ್ಷೆಯ ಮೇಲೆ ದಾರಿ ಹುಡುಕುವುದು. ಆಮೇಲೆ ಬೇಯೀಸ್ ಜಾಲ, ಪ್ರಶ್ನೆ ಕೇಳುತ್ತಾ ಕವಲುಗಳಲ್ಲಿ ವಿಂಗಡಿಸುವ ಡಿಸಿಷನ್ ಟ್ರೀ, ಚಿತ್ರವನ್ನು ಬಣ್ಣದ ಗುಂಪುಗಳಾಗಿ ಒಡೆಯುವ ಕೆಲಸ, ಕೊನೆಗೆ ಸಂಜ್ಞಾಭಾಷೆಯ ಚಲನೆಗಳನ್ನು ಗುರುತಿಸುವ ಹಿಡನ್ ಮಾರ್ಕೊವ್ ಮಾದರಿ. ಕೊನೆಯದು ಪಠ್ಯಕ್ಕಾಗಿ ಹುಡುಕಿ ತಂದ ಉದಾಹರಣೆಯಲ್ಲ. ಸ್ಟಾರ್ನರ್ 1990ರ ದಶಕದಲ್ಲಿ ಎಂಐಟಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ಸಂಶೋಧನೆಯೇ ಅದು.

ಈ ಕೋರ್ಸಿನ ಗುಣ ಗೊತ್ತಾಗಬೇಕಾದರೆ ಎರಡನೆಯ ಅಸೈನ್‌ಮೆಂಟನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪುಸ್ತಕದ ಪ್ರಸಿದ್ಧ ರೊಮೇನಿಯಾ ನಕ್ಷೆ ಇದೆ. ಅರಾದ್‌ನಿಂದ ಬುಕಾರೆಸ್ಟಿಗೆ ಅತಿ ಹತ್ತಿರದ ದಾರಿ ಬೇಕು. ಎರಡೂ ತುದಿಯಿಂದ ಏಕಕಾಲಕ್ಕೆ ಹುಡುಕುತ್ತಾ ಬಂದರೆ ಕೆಲಸ ಕಡಿಮೆಯಾಗುತ್ತದೆ ಎಂಬುದು ಉಪಾಯ. ಎರಡು ಹುಡುಕಾಟಗಳು ಸಂಧಿಸಿದ ಕೂಡಲೇ ನಿಲ್ಲಿಸಿದರಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಒಂದೊಂದು ಸಲಕ್ಕೆ ಒಂದೊಂದು ತುದಿಯಿಂದ, ಕಡಿಮೆ ದೂರದ ಊರನ್ನು ಮೊದಲು ತೆರೆಯುತ್ತಾ, ಅಂದರೆ ಅದರ ನೆರೆಯ ಊರುಗಳನ್ನು ಕಾಯುವ ಪಟ್ಟಿಗೆ ಸೇರಿಸುತ್ತಾ ಹೋದರೆ ಅರಾದ್ ಕಡೆಯಿಂದ ಜೆರಿಂದ್ 75, ತಿಮಿಶೋರಾ 118, ಸಿಬಿಯು 140 ತೆರೆಯುತ್ತವೆ. ಬುಕಾರೆಸ್ಟ್ ಕಡೆಯಿಂದ ಉರ್ಜಿಚೆನಿ 85, ಜುರ್ಜು 90. ಸಿಬಿಯುವನ್ನು ತೆರೆದ ಕ್ಷಣವೇ ಅದರ ನೆರೆಯ ಫಗರಾಸ್ 239ಕ್ಕೆ ಸಿಗುತ್ತದೆ. ಬುಕಾರೆಸ್ಟ್ ಕಡೆಯ ಕಾಯುವ ಪಟ್ಟಿಯಲ್ಲಿ ಅದೇ ಫಗರಾಸ್ 211ಕ್ಕೆ ಆಗಲೇ ಕುಳಿತಿದೆ. ಕೂಡಿದರೆ 450. ಇಲ್ಲಿಗೆ ನಿಲ್ಲಿಸಿದಿರೋ, ಕೆಟ್ಟಿತು. ಮುಂದಿನ ಸರದಿಯಲ್ಲೇ ಬುಕಾರೆಸ್ಟ್ ಕಡೆಯಿಂದ ಪಿಟೆಸ್ಟಿ 101ಕ್ಕೆ ತೆರೆದು, ರಿಮ್ನಿಕು ವಿಲ್ಚಾ 198ಕ್ಕೆ ಸಿಗುತ್ತದೆ. ಅರಾದ್ ಕಡೆಯಿಂದ ಅದು 220ರಲ್ಲಿತ್ತು. ಒಟ್ಟು 418. ಸರಿಯಾದ ಉತ್ತರ ಇದು.

ಹಾಗಾದರೆ ಯಾವಾಗ ನಿಲ್ಲಬೇಕು? ಎರಡೂ ಪಟ್ಟಿಗಳಲ್ಲಿ ಮುಂದೆ ತೆರೆಯಬೇಕಾದ ಊರುಗಳ ದೂರಗಳನ್ನು ಕೂಡಿದಾಗ, ಅದುವರೆಗೆ ಸಿಕ್ಕ ಉತ್ತಮ ದಾರಿಗಿಂತ ಆ ಮೊತ್ತ ಕಡಿಮೆ ಇಲ್ಲದಾದಾಗ. ಈ ಒಂದು ವಾಕ್ಯವನ್ನು ಉಪನ್ಯಾಸದಲ್ಲಿ ಕೇಳಿ ತಲೆಯಾಡಿಸುವುದಕ್ಕೂ, ನಿಮ್ಮ ಕೋಡು 450 ಎಂದು ಹೇಳಿ ಕೋಡು ಪರೀಕ್ಷಿಸಿ ಅಂಕ ಕೊಡುವ ಗ್ರೇಡರ್ ಪ್ರೋಗ್ರಾಂ ಕೆಂಪು ತೋರಿಸಿದಾಗ ರಾತ್ರಿ ಹನ್ನೊಂದಕ್ಕೆ ಕಾಗದದ ಮೇಲೆ ನಕ್ಷೆ ಬರೆದು ಕಂಡುಕೊಳ್ಳುವುದಕ್ಕೂ ಅಜಗಜಾಂತರ. 6601 ಇದನ್ನೇ ಒಂದು ಹೆಜ್ಜೆ ಮುಂದೆ ಒಯ್ದು ಮೂರು ಊರುಗಳ ನಡುವೆ ಹುಡುಕಿಸುತ್ತದೆ. ಆಮೇಲೆ ಅಟ್ಲಾಂಟಾದ ನಿಜವಾದ ರಸ್ತೆ ನಕ್ಷೆ ಕೊಡುತ್ತದೆ.

ಬೇಯೀಸ್ ಜಾಲದ ಮೇಲೆ ಬರುವ ಅಸೈನ್‌ಮೆಂಟೂ ಇದೇ ಜಾಯಮಾನದ್ದು: ವಿದ್ಯುತ್ ಸ್ಥಾವರದ ತಾಪಮಾಪಕ ಕೆಟ್ಟಿರಬಹುದು, ಅಲಾರಾಂ ಕೆಟ್ಟಿರಬಹುದು, ನಿಜವಾಗಿಯೂ ಬಿಸಿ ಏರಿರಬಹುದು, ಅಲಾರಾಂ ಬಾರಿಸಿದಾಗ ಯಾವುದನ್ನು ಎಷ್ಟು ನಂಬಬೇಕು? ಸಂಭವನೀಯತೆಯನ್ನು ಪಿಯುಸಿಯಲ್ಲಿ ಬಾಯಿಪಾಠ ಮಾಡಿ ಮರೆತವರು ಇಲ್ಲಿ ಎಡವುತ್ತಾರೆ. ಅದರ ಮುಂದಿನ ಅಸೈನ್‌ಮೆಂಟುಗಳಲ್ಲಿ ಇನ್ನೊಂದು ಬಗೆಯ ಕಷ್ಟ: ಲೂಪುಗಳನ್ನು ಬಿಟ್ಟು ಪೈಥಾನಿನ ಗಣಿತ ಲೈಬ್ರರಿ ನಂಪೈಯ ಮ್ಯಾಟ್ರಿಕ್ಸ್ ಕ್ರಿಯೆಗಳಲ್ಲಿ ಬರೆಯದಿದ್ದರೆ ಕೋಡು ಸರಿಯಿದ್ದರೂ ಸಮಯ ಮೀರುತ್ತದೆ. ಮಧ್ಯದ ಪರೀಕ್ಷೆ, ಕೊನೆಯ ಪರೀಕ್ಷೆ ಎರಡನ್ನೂ ಮನೆಯಲ್ಲೇ, ಪುಸ್ತಕ ತೆರೆದಿಟ್ಟುಕೊಂಡು, ವಾರದಷ್ಟು ಅವಧಿಯಲ್ಲಿ ಬರೆಯಬಹುದು. ಕೇಳಲು ಹಿತವಾಗಿದೆ. ಆದರೆ ವಾರಪೂರ್ತಿ ಸಮಯ ಕೊಟ್ಟಿದ್ದಾರೆಂದರೆ ಪ್ರಶ್ನೆಗಳು ಹೇಗಿರುತ್ತವೆಂದು ಊಹಿಸಿಕೊಳ್ಳಿ. ಮಾಡಿ ಮುಗಿಸಿದವರು ವಾರಕ್ಕೆ ಇಪ್ಪತ್ತು ಗಂಟೆಯ ಮಾತಾಡುತ್ತಾರೆ. ಮನೆಯಲ್ಲಿ ಎಳೆಯ ಮಗು, ಕಚೇರಿಯಲ್ಲಿ ಸಾಫ್ಟ್‌ವೇರ್ ಬಿಡುಗಡೆಯ ಗಡುವು ಎರಡೂ ಇರುವ ವರ್ಷ ಇದನ್ನು ಮುಟ್ಟಬೇಡಿ.

ಅದೇ ಪದವಿಯ ಇನ್ನೆರಡು ಬಾಗಿಲುಗಳು

ಸಿಎಸ್ 7637, ಅಂದರೆ ಜ್ಞಾನಾಧಾರಿತ ಎಐ, ಅಶೋಕ್ ಗೋಯಲ್ ಅವರ ಕೋರ್ಸ್. ಇದನ್ನು 6601ರ ಸುಲಭ ಆವೃತ್ತಿ ಎಂದು ಹೇಳುವವರಿದ್ದಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಎರಡರ ಪ್ರಶ್ನೆಯೇ ಬೇರೆ. 6601 ‘ಒಳ್ಳೆಯ ಉತ್ತರವನ್ನು ಬೇಗ ಲೆಕ್ಕ ಹಾಕುವುದು ಹೇಗೆ’ ಎಂದು ಕೇಳಿದರೆ, ಇದು ‘ಮನುಷ್ಯ ಇದನ್ನು ಹೇಗೆ ಯೋಚಿಸುತ್ತಾನೆ, ಯಂತ್ರ ಹಾಗೆಯೇ ಯೋಚಿಸಬಹುದೇ’ ಎಂದು ಕೇಳುತ್ತದೆ. ಪರಿಕಲ್ಪನೆಗಳ ನಂಟನ್ನು ಬರೆದಿಡುವ ಅರ್ಥಜಾಲಗಳು, ಒಂದು ವಸ್ತುವಿನ ವಿವರಗಳನ್ನು ಒಟ್ಟಿಗಿಡುವ ಫ್ರೇಮುಗಳು, ಹಳೆಯ ಪ್ರಕರಣಗಳ ಆಧಾರದ ಮೇಲೆ ತರ್ಕ, ಸಾದೃಶ್ಯದಿಂದ ತರ್ಕ ಮುಂತಾದವು ಪಠ್ಯ. ಬಹಳ ವರ್ಷ ಇದರ ಮುಖ್ಯ ಪ್ರಾಜೆಕ್ಟ್ ರೇವನ್ಸ್ ಮ್ಯಾಟ್ರಿಸಸ್ ಎಂಬ ಬುದ್ಧಿಮತ್ತೆ ಪರೀಕ್ಷೆಯ ಚಿತ್ರ-ಒಗಟುಗಳನ್ನು ಬಿಡಿಸುವ ಪ್ರೋಗ್ರಾಂ ಆಗಿತ್ತು: ಸಾಲಿನಲ್ಲಿ ಆಕೃತಿಗಳಿವೆ, ಕೊನೆಯ ಮನೆ ಖಾಲಿ, ಅಲ್ಲಿಗೆ ಯಾವುದು ಹೊಂದುತ್ತದೆ? ನೌಕರಿಗೆ ಅರ್ಜಿ ಹಾಕಿದವರು ಇಂಥ ಒಗಟುಗಳನ್ನು ಬೈದುಕೊಂಡು ಬಿಡಿಸಿರುತ್ತಾರೆ. ಬಿಡಿಸುವ ಯಂತ್ರ ಬರೆಯುವುದು ಬೇರೆಯೇ ಮಜಾ.

ಕೋಡಿನಷ್ಟೇ ತೂಕ ಇಲ್ಲಿ ಬರವಣಿಗೆಗೂ ಇದೆ. ಪ್ರತಿ ಪ್ರಾಜೆಕ್ಟಿಗೆ ವರದಿ, ಜೊತೆಗೆ ಸಹಪಾಠಿಗಳ ವರದಿ ಓದಿ ಅಭಿಪ್ರಾಯ ಬರೆಯುವುದು. ಇಂಗ್ಲಿಷಿನಲ್ಲಿ ನಾಲ್ಕು ಪುಟ ಅಚ್ಚುಕಟ್ಟಾಗಿ ಬರೆಯಬಲ್ಲವರಿಗೆ ಇದು ಹಗುರ. ಬರೆಯುವುದೆಂದರೆ ಜ್ವರ ಬರುವವರಿಗೆ, ಕೋಡಿನಲ್ಲಿ ಎಷ್ಟೇ ಗಟ್ಟಿಗರಾದರೂ, ವಾರಾಂತ್ಯ ಭಾರ. ಅಂದಹಾಗೆ 2016ರಲ್ಲಿ ಜಿಲ್ ವಾಟ್ಸನ್ ಎಂಬ ಬೋಧನಾ ಸಹಾಯಕಿ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದದ್ದು ಇದೇ ತರಗತಿಯಲ್ಲಿ. ಅದು ಐಬಿಎಂ ಕಂಪನಿಯ ವಾಟ್ಸನ್ ಎಂಬ ಎಐ ವ್ಯವಸ್ಥೆಯ ಮೇಲೆ ಕಟ್ಟಿದ ಪ್ರೋಗ್ರಾಂ ಎಂಬುದು ಸೆಮಿಸ್ಟರ್ ಮುಗಿಯುವಾಗ ಗೊತ್ತಾಯಿತು. ಚಾಟ್‌ಬಾಟುಗಳು ಮನೆಮಾತಾಗುವುದಕ್ಕೆ ಆರು ವರ್ಷ ಮೊದಲಿನ ಸಂಗತಿ.

ಮೂರನೆಯದು ಸಿಎಸ್ 7638, ರೋಬಾಟಿಕ್ಸ್‌ಗೆ ಬೇಕಾದ ಎಐ ತಂತ್ರಗಳು. ವಸ್ತು ಎಲ್ಲಿದೆ ಎಂದು ಅಂದಾಜಿಸುವ ಕಾಲ್ಮನ್ ಫಿಲ್ಟರ್, ಪಾರ್ಟಿಕಲ್ ಫಿಲ್ಟರ್, ದಾರಿಗಾಗಿ ಎ–ಸ್ಟಾರ್ ಹುಡುಕಾಟ, ಆ ದಾರಿ ತಪ್ಪದಂತೆ ನಡೆಸುವ ಪಿಐಡಿ ನಿಯಂತ್ರಣ. ವಿಷಯದ ಹರವು ಚಿಕ್ಕದು, ಕೆಲಸ ಸ್ಪಷ್ಟ, ಮಾಡಿದ್ದು ಪರದೆಯ ಮೇಲೆ ಚಲಿಸುವುದು ಕಾಣುತ್ತದೆ. ಓದು ಬಿಟ್ಟು ಏಳೆಂಟು ವರ್ಷವಾದವರು ಕೈ ಪಳಗಿಸಿಕೊಳ್ಳಲು ಇಲ್ಲಿಂದ ಹೊರಡುವುದು ಒಳ್ಳೆಯದು.

ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ನಿಯಮ ಒಂದಿದೆ. ಈ ಪದವಿಗೆ ಸೇರಿದವರು ಮೊದಲ ಹನ್ನೆರಡು ತಿಂಗಳಲ್ಲಿ ಎರಡು ಬುನಾದಿ ಕೋರ್ಸ್‌ಗಳನ್ನು ಕನಿಷ್ಠ ಬಿ ಗ್ರೇಡಿನಲ್ಲಿ ಮುಗಿಸಬೇಕು. 6601 ಮತ್ತು 7637 ಎರಡೂ ಬುನಾದಿ ಪಟ್ಟಿಯಲ್ಲಿವೆ. ಮೊದಲ ಸೆಮಿಸ್ಟರಿಗೇ 6601 ತೆಗೆದುಕೊಂಡು, ಅರ್ಧಕ್ಕೆ ಕೈಬಿಟ್ಟರೆ ಉಳಿದ ತಿಂಗಳುಗಳ ಮೇಲೆ ಒತ್ತಡ ಏರುತ್ತದೆ. ಆದ್ದರಿಂದ ಸಂಭವನೀಯತೆ ಮರೆತವರು ಮೊದಲು 7637 ಮುಗಿಸಿ, ಆ ನಡುವೆ ಗಣಿತ ಸರಿಮಾಡಿಕೊಂಡು, ಆಮೇಲೆ 6601ಕ್ಕೆ ಹೋಗುವುದು ಜಾಣತನ.

ಇನ್ನೊಂದು, ನಮ್ಮ ಊರಿನವರಿಗೆ ಒದಗುವ ಅನುಕೂಲ. ಜಾರ್ಜಿಯಾ ಟೆಕ್‌ನ ಹಲವು ಕೋರ್ಸ್‌ಗಳ ಗಡುವು ‘ಭೂಮಿಯ ಮೇಲೆ ಎಲ್ಲಾದರೂ ಭಾನುವಾರ ಮುಗಿಯುವವರೆಗೆ’ ಎಂದಿರುತ್ತದೆ. ಅದು ಭಾರತದಲ್ಲಿ ಸೋಮವಾರ ಸಂಜೆ 5:29. ಭಾನುವಾರ ರಾತ್ರಿ ನಿದ್ದೆಗೆಡುವ ಬದಲು ಸೋಮವಾರ ಅರ್ಧ ದಿನ ರಜೆ ಹಾಕಿದರೆ ಸಾಕು.

ಪದವಿ ಬೇಡ, ವಿಷಯ ಸಾಕು ಎನ್ನುವವರಿಗೆ

ಕಾಸು ಖರ್ಚಿಲ್ಲದೆ ಇಷ್ಟೇ ಗಟ್ಟಿಯಾದ ಕೆಲಸ ಬೇಕೆಂದರೆ ಕ್ಯಾಲಿಫೋರ್ನಿಯಾದ ಬರ್ಕಲಿ ವಿಶ್ವವಿದ್ಯಾಲಯದ ಎಐ ಕೋರ್ಸ್, ಸಿಎಸ್ 188. ಇದು ಪದವಿ ಮಟ್ಟದ ಕೋರ್ಸ್, ಸ್ನಾತಕೋತ್ತರದ್ದಲ್ಲ. ಹಾಗೆಂದು ಮೂಗು ಮುರಿಯಬೇಡಿ. ಪ್ಯಾಕ್‌ಮನ್ ಆಟದ ಮೇಲೆ ಕಟ್ಟಿದ ಅದರ ಪ್ರಾಜೆಕ್ಟುಗಳು ಜಗತ್ತಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಬಳಕೆಯಲ್ಲಿವೆ. ಮೊದಲು ಚುಕ್ಕೆಗಳನ್ನು ತಿನ್ನಲು ದಾರಿ ಹುಡುಕುವುದು, ಆಮೇಲೆ ಭೂತಗಳ ವಿರುದ್ಧ ಮಿನಿಮ್ಯಾಕ್ಸ್, ಆಮೇಲೆ ಸಿಕ್ಕ ಅಂಕ ನೋಡಿ ತಾನೇ ಕಲಿಯುವ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್, ಕಣ್ಣಿಗೆ ಕಾಣದ ಭೂತ ಎಲ್ಲಿದೆ ಎಂದು ಸಂಭವನೀಯತೆಯಿಂದ ಊಹಿಸುವುದು. ಪ್ರಾಜೆಕ್ಟಿನ ಜೊತೆಗೇ ಗ್ರೇಡರ್ ಪ್ರೋಗ್ರಾಂ ಬರುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡಿಸಿ ಎಷ್ಟು ಅಂಕ ಬಂತೆಂದು ನೋಡಬಹುದು. ಡಾನ್ ಕ್ಲೈನ್ ಮತ್ತು ಪೀಟರ್ ಅಬೀಲ್ ಅವರ ಉಪನ್ಯಾಸಗಳೂ ಸಿಗುತ್ತವೆ. ಸಿಗದಿರುವುದು ಎರಡೇ: ಪ್ರಮಾಣಪತ್ರ ಮತ್ತು ಗಡುವು. ಮೊದಲನೆಯದಕ್ಕಿಂತ ಎರಡನೆಯದರ ಕೊರತೆಯೇ ದೊಡ್ಡದು. ಗಡುವಿಲ್ಲದ ಕೋರ್ಸನ್ನು ಮೂರನೆಯ ಪ್ರಾಜೆಕ್ಟಿನಾಚೆ ಒಯ್ಯುವವರು ಅಪರೂಪ. ಗೆಳೆಯರಿಬ್ಬರು ಜೊತೆಗೂಡಿ ವಾರ ಗೊತ್ತುಮಾಡಿಕೊಂಡರೆ ಮುಗಿಯುತ್ತದೆ.

ಸ್ಟ್ಯಾನ್‌ಫರ್ಡಿನ ಸಿಎಸ್ 221ರ ವಿಶೇಷ ಅದರ ಪಾಠದ ಕ್ರಮ. ಪರ್ಸಿ ಲಿಯಾಂಗ್ ಮತ್ತು ದೋರ್ಸಾ ಸಾದಿಘ್ ಅವರ 2019ರ ಉಪನ್ಯಾಸಗಳು ಯೂಟ್ಯೂಬಿನಲ್ಲಿವೆ. ಮಿಕ್ಕವರೆಲ್ಲ ಹುಡುಕಾಟದಿಂದ ಶುರುಮಾಡಿದರೆ ಇವರು ಮಷೀನ್ ಲರ್ನಿಂಗಿನಿಂದಲೇ ಶುರುಮಾಡಿ, ಆಮೇಲೆ ಸ್ಥಿತಿಗಳು (ಹುಡುಕಾಟ, ಆಟಗಳು), ಚರಗಳು (ನಿರ್ಬಂಧಗಳು, ಬೇಯೀಸ್ ಜಾಲ), ಕೊನೆಗೆ ತರ್ಕ ಎಂದು ಮೆಟ್ಟಿಲು ಕಟ್ಟುತ್ತಾರೆ. ಗಣಿತ ಚೆನ್ನಾಗಿರುವವರಿಗೆ ಇದಕ್ಕಿಂತ ಸೊಗಸಾದ ನಿರೂಪಣೆ ನಾನು ಕಂಡಿಲ್ಲ. ಕ್ರೆಡಿಟ್ ಬೇಕೆಂದು ಹೊರಗಿನಿಂದ ಸೇರಿದರೆ ಒಂದೇ ಕೋರ್ಸಿಗೆ ಸಾವಿರಾರು ಡಾಲರ್ ತೆರಬೇಕು. ಕಂಪನಿ ಕಟ್ಟುವುದಾದರೆ ಸರಿ, ಸ್ವಂತ ಜೇಬಿನಿಂದಾದರೆ ಆ ಮಾತು ಬಿಡಿ.

ನಮ್ಮ ದೇಶದಲ್ಲೇ ಇರುವ ದಾರಿ ಎನ್‌ಪಿಟಿಇಎಲ್, ಅಂದರೆ ಐಐಟಿಗಳ ಆನ್‌ಲೈನ್ ಪಾಠಗಳ ತಾಣ. ಇಲ್ಲಿ ಎರಡು ಕೋರ್ಸ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಐಐಟಿ ಮದ್ರಾಸಿನ ದೀಪಕ್ ಖೇಮಾನಿ ಅವರದು ಹುಡುಕಾಟದ ವಿಧಾನಗಳ ಮೇಲಿನ ಹನ್ನೆರಡು ವಾರಗಳ ಕೋರ್ಸ್. ಒಂದೇ ವಿಷಯ, ಆದರೆ ಆಳ. ಬೇರೆ ಕಡೆ ಹೆಸರು ಹೇಳಿ ಮುಂದೆ ಸಾಗುವ ಎಒ–ಸ್ಟಾರ್, ಎಸ್‌ಎಸ್‌ಎಸ್–ಸ್ಟಾರ್ ಮುಂತಾದ ಆಲ್ಗಾರಿದಮ್‌ಗಳನ್ನು ಅವರು ಮರದ ಚಿತ್ರ ಬರೆದು, ಒಂದೊಂದು ಹೆಜ್ಜೆಯನ್ನೂ ನಡೆಸಿ ತೋರಿಸುತ್ತಾರೆ. ಜ್ಞಾನ ನಿರೂಪಣೆ ಮತ್ತು ತರ್ಕಕ್ಕೆ ಅವರದೇ ಬೇರೊಂದು ಕೋರ್ಸ್ ಇದೆ. ಐಐಟಿ ದೆಹಲಿಯ ಮೌಸಮ್ ಅವರದು ಇಡೀ ಕ್ಷೇತ್ರದ ಪರಿಚಯ: ಹುಡುಕಾಟ, ನಿರ್ಬಂಧಗಳು, ತರ್ಕ, ಬೇಯೀಸ್ ಜಾಲ, ಫಲ ಖಚಿತವಿಲ್ಲದಾಗ ಹೆಜ್ಜೆ ನಿರ್ಧರಿಸುವ ಮಾರ್ಕೊವ್ ನಿರ್ಣಯಗಳು. ಮೊದಲ ಸಲ ಓದುವವರಿಗೆ ಮೌಸಮ್, ಒಂದು ಸಲ ಓದಿ ಅರ್ಧಂಬರ್ಧ ಅರ್ಥವಾದವರಿಗೆ ಖೇಮಾನಿ.

ಓದಲು ಶುಲ್ಕವಿಲ್ಲ, ಪರೀಕ್ಷೆಗೆ ಸಾವಿರ ರೂಪಾಯಿಯ ಆಸುಪಾಸು. ವಾರದ ಅಸೈನ್‌ಮೆಂಟುಗಳಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಹನ್ನೆರಡು ವಾರಗಳಲ್ಲಿ ಚೆನ್ನಾಗಿ ಮಾಡಿದ ಎಂಟನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಆದ್ದರಿಂದ ಮನೆಯಲ್ಲಿ ಮದುವೆ, ಊರಲ್ಲಿ ಜಾತ್ರೆ ಬಂದ ವಾರ ತಪ್ಪಿದರೂ ನಷ್ಟವಿಲ್ಲ. ಕೊರತೆ ಎಲ್ಲಿದೆ ಎಂದರೆ ಅಸೈನ್‌ಮೆಂಟಿನಲ್ಲಿಯೇ: ಹೆಚ್ಚಿನವು ಆಯ್ಕೆಯ ಪ್ರಶ್ನೆಗಳು, ಉತ್ತರದ ಅಂಕಿ ತುಂಬುವುದು. ಮೇಲೆ ಹೇಳಿದ 450 ಮತ್ತು 418ರ ಜಗಳ ಇಲ್ಲಿ ನಿಮ್ಮ ಕೋಡಿನಲ್ಲಿ ನಡೆಯುವುದಿಲ್ಲ. ಈ ಕೊರತೆಯನ್ನು ತುಂಬಿಕೊಳ್ಳುವ ಬಗೆಯೂ ಸುಲಭ: ಮೌಸಮ್ ಅವರ ಪಾಠ, ಬರ್ಕಲಿಯ ಪ್ಯಾಕ್‌ಮನ್. ವಾರಕ್ಕೊಂದು ಪಾಠ, ಮೂರು ವಾರಕ್ಕೊಂದು ಪ್ರಾಜೆಕ್ಟ್. ಪದವಿಯ ಹಂಗಿಲ್ಲದವರಿಗೆ ನಾನು ಮೊದಲು ಹೇಳುವುದು ಈ ಜೋಡಿಯನ್ನೇ, ಖರ್ಚು ಪರೀಕ್ಷಾ ಶುಲ್ಕವಷ್ಟೆ. ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದು ಸ್ನಾತಕೋತ್ತರ ಓದಬೇಕೋ ಬೇಡವೋ ಎಂದು ತೂಗುತ್ತಿರುವವರಿಗೂ ಇದೇ ಸರಿ. ಆರು ಲಕ್ಷ ಹೂಡುವ ಮೊದಲು ವಿಷಯ ರುಚಿಸುತ್ತದೆಯೇ ಎಂದು ತಿಳಿಯುತ್ತದೆ.

ಇವುಗಳ ನಡುವೆ ಖಾಸಗಿ ಸಂಸ್ಥೆಗಳು ಲಕ್ಷಗಟ್ಟಲೆ ಪಡೆದು, ದೊಡ್ಡ ವಿಶ್ವವಿದ್ಯಾಲಯದ ಲಾಂಛನ ಅಂಟಿಸಿ ಮಾರುವ ‘ಸ್ನಾತಕೋತ್ತರ ಪ್ರಮಾಣಪತ್ರ’ಗಳೂ ಇವೆ. ಅವುಗಳ ಬಗ್ಗೆ ಒಂದೇ ಪರೀಕ್ಷೆ ಸಾಕು. ಹಣ ಕಟ್ಟುವ ಮೊದಲು ಹಿಂದಿನ ತಂಡಕ್ಕೆ ಕೊಟ್ಟ ಅಸೈನ್‌ಮೆಂಟ್ ಒಂದನ್ನು ತೋರಿಸಿ ಎಂದು ಕೇಳಿ. ಪಠ್ಯಕ್ರಮದ ಬಣ್ಣದ ಪುಟ ಕಳಿಸಿ, ರಿಯಾಯಿತಿ ಇಂದೇ ಕೊನೆ ಎಂದು ಮತ್ತೆ ಮತ್ತೆ ಫೋನು ಮಾಡುವವರಾದರೆ ನಂಬರು ಬ್ಲಾಕ್ ಮಾಡಿ.

ಯಾವುದೇ ಇರಲಿ, ಸೇರುವ ಮೊದಲು

ಪೈಥಾನಿನಲ್ಲಿ ಹೀಪ್ (ಚಿಕ್ಕ ಬೆಲೆಯದನ್ನು ಮೊದಲು ಕೊಡುವ ಪಟ್ಟಿ) ಬಳಸಿ, ಅತಿ ಹತ್ತಿರದ ದಾರಿ ಹುಡುಕುವ ಡೈಕ್ಸ್ಟ್ರಾ ಆಲ್ಗಾರಿದಮನ್ನು ಪುಸ್ತಕ ನೋಡದೆ ಬರೆಯಲು ಕೂತುಕೊಳ್ಳಿ. ಒಂದು ಸಂಜೆಯಲ್ಲಿ ಆದರೆ 6601ರ ಮೊದಲ ಎರಡು ಅಸೈನ್‌ಮೆಂಟಿಗೆ ನೀವು ಸಿದ್ಧ. ಆಗದಿದ್ದರೆ ಪ್ಯಾಕ್‌ಮನ್‌ನ ಮೊದಲ ಪ್ರಾಜೆಕ್ಟ್ ಮಾಡಿ, ಆಮೇಲೆ ಸೇರಿ. ಎರಡನೆಯದು, ಒಂದು ಲೆಕ್ಕ: ಸಾವಿರದಲ್ಲಿ ಒಬ್ಬರಿಗಿರುವ ಕಾಯಿಲೆ, ಪರೀಕ್ಷೆ ಕಾಯಿಲೆ ಇದ್ದವರನ್ನೆಲ್ಲ ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ ಐವರನ್ನು ತಪ್ಪಾಗಿ ಹಿಡಿಯುತ್ತದೆ. ಪಾಸಿಟಿವ್ ಬಂದವರಿಗೆ ನಿಜಕ್ಕೂ ಕಾಯಿಲೆ ಇರುವ ಸಂಭವ ಎಷ್ಟು? ಸುಮಾರು ನೂರಕ್ಕೆ ಎರಡು. ಹೇಗೆ ಎಂದು ನೀವೇ ಬಿಡಿಸಿ ತೋರಿಸಲಾಗದಿದ್ದರೆ ಬೇಯೀಸ್ ಜಾಲಕ್ಕೆ ಮೊದಲು ಒಂದು ತಿಂಗಳು ಸಂಭವನೀಯತೆಗೆ ಮೀಸಲಿಡಿ.

ಕೊನೆಯದಾಗಿ ಎಐ ಸಹಾಯಕಗಳ ಬಳಕೆ. ಪ್ರತಿ ಕೋರ್ಸಿಗೂ ಇದರ ಬಗ್ಗೆ ಬೇರೆ ಬೇರೆ ನಿಯಮವಿದೆ, ಅದು ಪಠ್ಯಕ್ರಮದ ಪುಟದಲ್ಲೇ ಇರುತ್ತದೆ. ಮೊದಲ ಕೋಡು ಬರೆಯುವ ಮುನ್ನ ಓದಿ. ಕಚೇರಿಯ ಲ್ಯಾಪ್‌ಟಾಪಿನ ಎಡಿಟರಿನಲ್ಲಿ ಸಹಾಯಕ ತಾನಾಗಿಯೇ ಸಾಲು ತುಂಬುತ್ತಿರುತ್ತದೆ. ಅಸೈನ್‌ಮೆಂಟಿನ ಫೋಲ್ಡರಿಗೆ ಅದನ್ನು ಆಫ್ ಮಾಡಿಡಿ.